ಪರಿಶೀಲನೆಗೆ ಬರುವ ದಿನ ಮಗಳು ಚೀಲ ತುಂಬಿಕೊಂಡು ಕೂರುತ್ತಾಳೆ. ಏನು ಹೇಳಲಿ?

ತೋಟದಮನೆ ಆಯಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಡಿಕೆ ತೋಟ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಮತ್ತೆ ನಮ್ಮ ಕೂಸು. ಅವಳನ್ನ ದತ್ತು ತಂದದ್ದು, ಬಂದಾಗ ಐದು ವರ್ಷ ದಾಟಿತ್ತು. ಈಗ ಎರಡನೇ ಕ್ಲಾಸು.

ದತ್ತು ಅಂದ ಕೂಡಲೇ ಜನರ ಕಣ್ಣಿಗೆ ಬರೋದು ತೊಟ್ಟಿಲ ಮಗು. ನಾವು ಹೆಸರು ಕೊಡುವಾಗಲೇ ನಮ್ಮಿಬ್ಬರ ವಯಸ್ಸು ಕೂಡಿಸಿದರೆ 90 ದಾಟಿತ್ತು. ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ನಿಯಮದಲ್ಲಿ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿ ವಯಸ್ಸು ಸೇರಿ 85, ಎರಡರಿಂದ ನಾಲ್ಕರ ಮಗುವಿಗೆ 90 ಮೀರಬಾರದು. ನಾಲ್ಕರಿಂದ ಎಂಟರ ಮಗುವಿಗೆ 100ರ ತನಕ ಆಗುತ್ತದೆ. ಹಾಗಾಗಿ ನಮಗೆ ಬರೋದು ಓಡಾಡುವ, ಮಾತಾಡುವ, ನೆನಪಿರುವ ಮಗು ಅಂತ ಮೊದಲೇ ಗೊತ್ತಿತ್ತು. ಅದು ನಮಗೆ ಕೊರತೆ ಅಂತ ಒಂದು ದಿನವೂ ಅನಿಸಲಿಲ್ಲ.

ಅವಳು ಬಯಲುಸೀಮೆ ಕಡೆಯವಳು. ಬಂದ ಹೊಸತರಲ್ಲಿ ಮೂರು ಹೊತ್ತೂ ಅನ್ನ ನೋಡಿ ಕಂಗಾಲಾಗಿದ್ದಳು. ತಂಬುಳಿ ಮುಟ್ಟುತ್ತಿರಲಿಲ್ಲ. 'ರೊಟ್ಟಿ ಇಲ್ಲೇನ್ರಿ?' ಅಂತ ಮೆಲ್ಲಗೆ ಕೇಳುತ್ತಿದ್ದಳು. ಯಜಮಾನರು ಹುಬ್ಬಳ್ಳಿಯಿಂದ ಜೋಳದ ಹಿಟ್ಟು ತಂದರು. ಅತ್ತೆ ಈ ವಯಸ್ಸಿನಲ್ಲಿ ರೊಟ್ಟಿ ತಟ್ಟೋದು ಕಲಿತರು. ಈಗ ಅವಳು ಅಪ್ಪೆಹುಳಿಯನ್ನ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಾಳೆ. ನಮ್ಮ ಜೊತೆ ನಮ್ಮದೇ ಮಾತು ಆಡುತ್ತಾಳೆ. ನಾಯಿ ಹತ್ತಿರ ಮಾತ್ರ ಈಗಲೂ ತನ್ನ ಊರಿನ ಮಾತು.

ಕಷ್ಟ ಇರೋದು ಒಂದು ಕಡೆ. ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ದತ್ತು ಕಚೇರಿ ಕಡೆಯವರು ಬಂದು ನೋಡಿ ವರದಿ ಬರೆಯುತ್ತಾರಲ್ಲ, ಆ ದಿನ. ಬರುವವರು ಒಳ್ಳೆಯವರೇ. ನಗುತ್ತಾ ಮಾತಾಡಿಸುತ್ತಾರೆ. ಆದರೆ 'ನಾಳೆ ಆಫೀಸಿನವರು ಬರ್ತಾರೆ' ಅಂದರೆ ಸಾಕು, ಇವಳು ಶಾಲೆ ಚೀಲದಿಂದ ಪುಸ್ತಕ ಎಲ್ಲ ತೆಗೆದು ಎರಡು ಅಂಗಿ, ಬಾಚಣಿಗೆ, ಜಾತ್ರೆಯಲ್ಲಿ ಕೊಡಿಸಿದ ಬಳೆ ತುಂಬುತ್ತಾಳೆ. ಮರುದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಜಗಲಿ ತುದಿಗೆ ಕೂರುತ್ತಾಳೆ. ಅಳೋದಿಲ್ಲ. ಹೋದ ಸಲ ಬಂದವರನ್ನ ಅವಳೇ ಕೇಳಿದಳು, 'ಯಾವಾಗ ಹೊರಡೋದ್ರಿ?' ಅಂತ. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ.

ಅವರು ಹೋದ ಮೇಲೆ ಶುರುವಾಗುತ್ತದೆ. ನನ್ನ ಕೈ ಕಚ್ಚುತ್ತಾಳೆ. ತಟ್ಟೆ ಎಸೆಯುತ್ತಾಳೆ. ನಿಂತು ಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಬರುತ್ತದೆ. ದಿಂಬಿನ ಕೆಳಗೆ ದೋಸೆ, ಬೆಲ್ಲದ ತುಂಡು ಸೇರುತ್ತದೆ, ಇರುವೆ ಬಂದ ಮೇಲೆ ನಮಗೆ ಗೊತ್ತಾಗುತ್ತದೆ. ವಾರಗಟ್ಟಲೆ ಹೀಗೆ. ಆಮೇಲೆ ನಿಧಾನ ಸರಿಹೋಗುತ್ತಾಳೆ.

ಸುತ್ತಲಿನ ಮಾತು ಬೇರೆ. ಅಡಿಕೆ ಸುಲಿಯೋಕೆ ಕೂತಾಗ, 'ಪುಣ್ಯದ ಕೆಲಸ ಮಾಡಿದ್ದೀರಿ', 'ದೊಡ್ಡ ಮಗು ಹೊಂದಿಕೊಳ್ಳೋದು ಕಷ್ಟ ಬಿಡಿ' ಅಂತ ಅವಳ ಎದುರಲ್ಲೇ ಹೇಳುತ್ತಾರೆ. ಆಲೆಮನೆಗೆ ಹೋಗಿದ್ದಾಗ ನೆಂಟರೊಬ್ಬರು ಎಲ್ಲರ ನಡುವೆ ಕೇಳಿದರು, 'ನಿನ್ನ ನಿಜವಾದ ಅಪ್ಪ ಅಮ್ಮ ನೆನಪಿದ್ದಾರಾ?' ಅಂತ. ಕೈಯಲ್ಲಿದ್ದ ಕಬ್ಬಿನ ಹಾಲಿನ ಲೋಟ ಕೆಳಗಿಟ್ಟು ಕಾರಿಗೆ ಹೋಗಿ ಕೂತಳು.

ಅತ್ತೆಗೆ ಅವಳೆಂದರೆ ಜೀವ. 'ಇದು ಯಮ್ಮನೆ ಕೂಸು, ಹಳೇದೆಲ್ಲ ಕೆದಕಡ' ಅನ್ನುತ್ತಾರೆ. ಅವಳಿದ್ದ ಸಂಸ್ಥೆಯವರು ಕೊಟ್ಟ ಒಂದು ಸಣ್ಣ ಆಲ್ಬಂ ಇದೆ. ಅದರಲ್ಲಿ ಅವಳ ಗೆಳತಿಯೊಬ್ಬಳ ಫೋಟೋ ಇದೆ. ನೋಡಿದರೆ ಮಗು ಮಂಕಾಗುತ್ತದೆ ಅಂತ ಅತ್ತೆ ಅದನ್ನ ಅಟ್ಟಕ್ಕೆ ಹಾಕಿಸಿದ್ದಾರೆ. ಮಗಳು ಆ ಗೆಳತಿಯ ಹೆಸರು ಹೇಳಿ, 'ಅವಳಿಗೆ ಮನೆ ಸಿಕ್ತಾ?' ಅಂತ ಕೇಳುತ್ತಾಳೆ.

ಮುಂದಿನ ಭೇಟಿ ಹತ್ತಿರ ಬಂತು. ಅವಳಿಗೆ ಏನು ಹೇಳಿ ತಯಾರು ಮಾಡಲಿ? ಹೇಳದೇ ಇದ್ದು ಅವರು ಬಂದ ಮೇಲೆ ಹೇಳೋದು ಒಳ್ಳೆಯದಾ? ಆಲ್ಬಂ ಕೆಳಗೆ ಇಳಿಸಲಾ? ದೊಡ್ಡ ಮಗುವನ್ನ ಮನೆ ತುಂಬಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

---

ಶರಾವತಿ ಕಡೆ ಅಪ್ಪ, ಹೊನ್ನಾವರ

ಅಕ್ಕಾ, ನಿಮ್ಮ ಬರಹ ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ. ನಮ್ಮ ಮಗ ಬಂದಾಗ ಏಳು ವರ್ಷ. ಈಗ ಹೈಸ್ಕೂಲು.

ಮೊದಲು ಆಹಾರದ ವಿಷಯ. ನಮ್ಮವನೂ ಬಚ್ಚಿಡುತ್ತಿದ್ದ. ಬೈದರೆ ಇನ್ನೂ ಒಳಗೆ ಬಚ್ಚಿಡುತ್ತಾನೆ ಅಷ್ಟೇ. ನಾವು ಅಡುಗೆಮನೆಯಲ್ಲಿ ಅವನ ಕೈಗೆ ಎಟಕುವ ಕಡೆ ಒಂದು ಸ್ಟೀಲ್ ಡಬ್ಬಿ ಇಟ್ಟೆವು. ಅವಲಕ್ಕಿ, ಚಕ್ಕುಲಿ, ಪಕ್ಕದಲ್ಲಿ ಬಾಳೆಹಣ್ಣು. ಅದು ಅವನ ಡಬ್ಬಿ. ಯಾವಾಗ ಬೇಕಾದರೂ ತೆಗೆಯಬಹುದು, ಯಾರನ್ನೂ ಕೇಳೋದು ಬೇಡ. ಖಾಲಿಯಾಗೋಕೆ ಮೊದಲೇ ನಾವು ತುಂಬುತ್ತಿದ್ದೆವು. ರಾತ್ರಿ ಎದ್ದು ಬಂದು ಸುಮ್ನೆ ಮುಚ್ಚಳ ತೆಗೆದು ನೋಡಿ, ತಿನ್ನದೇ ಮಲಗುತ್ತಿದ್ದ. ಇದೆ ಅಂತ ನಂಬಿಕೆ ಬರೋಕೆ ಬಹಳ ತಿಂಗಳು ಹಿಡಿಯಿತು. ಆಮೇಲೆ ಡಬ್ಬಿ ನೆನಪೇ ಇಲ್ಲ ಅವನಿಗೆ.

ಇನ್ನು ಭೇಟಿಯ ದಿನ. ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಗೋಡೆಯ ಕ್ಯಾಲೆಂಡರ್. ಅವರು ಬರುವ ದಿನಕ್ಕೆ ಒಂದು ಗುರುತು. ಅದರ ಮರುದಿನದ ಚೌಕದಲ್ಲಿ 'ಅಪ್ಸರಕೊಂಡ' ಅಂತ, ಇಲ್ಲೇ ಹತ್ತಿರದ ಜಲಪಾತದ ಹೆಸರು, ಅವನ ಕೈಯಿಂದಲೇ ಬರೆಸಿದೆವು. ಅದರ ಮುಂದಿನ ವಾರ ಅವನ ಅತ್ತೆ ಮನೆಯ ಪೂಜೆ. ಅವನಿಗೆ ಆ ಭೇಟಿಯ ಆಚೆಗೆ ಏನೂ ಕಾಣುತ್ತಿರಲಿಲ್ಲ, ಅಲ್ಲಿಗೆ ಎಲ್ಲ ಮುಗಿಯಿತು ಅಂತ ಅಂದುಕೊಂಡಿದ್ದ. ಆಚೆಗೂ ದಿನಗಳಿವೆ, ಆ ದಿನಗಳಲ್ಲಿ ತಾನೂ ಇದ್ದೇನೆ ಅಂತ ಬರಹದಲ್ಲಿ ಕಂಡಾಗ ಸ್ವಲ್ಪ ಸಡಿಲವಾದ. ಹೇಳಿದಂತೆ ಮರುದಿನ ಕರೆದುಕೊಂಡು ಹೋಗಲೇಬೇಕು. ಮಳೆ ಬಂದರೂ ಹೋದೆವು.

ಕಚ್ಚೋದು, ಎಸೆಯೋದು ನೋಡಿ ಹೆದರಬೇಡಿ. ನಮ್ಮವನು ಬಂದ ಹೊಸತರಲ್ಲಿ ಅತಿ ಒಳ್ಳೆಯ ಹುಡುಗ. ಹೇಳಿದ್ದೆಲ್ಲ ಕೇಳುತ್ತಿದ್ದ. ಮೀನಿನ ವಾಸನೆಗೆ ವಾಂತಿ ಬಂದರೂ ಬಂಗಡೆ ನುಂಗುತ್ತಿದ್ದ, ನಮಗೆ ಬೇಜಾರಾಗುತ್ತದೆ ಅಂತ. ಸಿಟ್ಟು ತೋರಿಸಿದ್ದು ಆಮೇಲೆ. ಸಿಟ್ಟು ಮಾಡಿದರೂ ಇವರು ಬಿಡೋದಿಲ್ಲ ಅನ್ನೋ ಧೈರ್ಯ ಬಂದ ಮೇಲೆ.

---

ಕಾಡುಮಲ್ಲಿಗೆ, ಯಲ್ಲಾಪುರ

ಎಲ್ಲರೂ ಇಷ್ಟೊಂದು ಯಾಕೆ ಕೆದಕುತ್ತಾರೋ ನನಗೆ ಗೊತ್ತಾಗುವುದಿಲ್ಲ. ನಿಮ್ಮ ಅತ್ತೆ ಹೇಳಿದ್ದು ಸರಿ. ನಮ್ಮ ನೆಂಟರ ಮನೆಯಲ್ಲೂ ಹಿಂದೆ ದತ್ತು ತೆಗೆದುಕೊಂಡಿದ್ದರು. ಯಾರೂ ಆ ಮಾತು ಎತ್ತಲಿಲ್ಲ. ಹುಡುಗ ಚೆನ್ನಾಗಿಯೇ ಬೆಳೆದ, ಕೆಲಸದಲ್ಲಿದ್ದಾನೆ. ಮಕ್ಕಳು ಬೇಗ ಮರೆಯುತ್ತಾರೆ. ಆಲ್ಬಂ ಅಟ್ಟದಲ್ಲೇ ಇರಲಿ. ಪ್ರೀತಿ ಒಂದಿದ್ದರೆ ಸಾಕಲ್ವಾ?

---

ಕಾಳಿ ದಂಡೆಯವಳು, ಕಾರವಾರ

ಯಲ್ಲಾಪುರದವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಹುಡುಗನನ್ನ ಯಾರಾದರೂ ಕೂರಿಸಿ ಕೇಳಿದ್ದಾರಾ, ಅವನಿಗೆ ಹೇಗಿತ್ತು ಅಂತ? ನಾನು ದತ್ತು ಮಗಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಡಿಬಾಗದಲ್ಲಿ ಬೆಳೆದವಳು. ಮನೆಮಾತು ಕೊಂಕಣಿ. ನಮ್ಮ ಮನೆಯ ಆಲ್ಬಂನಲ್ಲಿ ನನ್ನ ಫೋಟೋ ಶುರುವಾಗೋದೇ ನಡೆಯೋಕೆ ಬಂದ ಮೇಲೆ. ತೊಟ್ಟಿಲ ಫೋಟೋ ಯಾಕಿಲ್ಲ ಅಂತ ಕೇಳಿದರೆ ಮಳೆಗಾಲದಲ್ಲಿ ಹಾಳಾಯಿತು ಅನ್ನುತ್ತಿದ್ದರು. ನಿಜ ಗೊತ್ತಾದದ್ದು ಒಂದು ಮದುವೆ ಮನೆಯಲ್ಲಿ, ಆಡುತ್ತಾ ಜಗಳ ಬಂದಾಗ, ನನ್ನದೇ ವಯಸ್ಸಿನ ಹುಡುಗಿಯ ಬಾಯಿಂದ. ಅವಳಿಗೆ ಗೊತ್ತಿತ್ತು. ಅವಳ ಅಮ್ಮನಿಗೆ, ಅಡುಗೆಯವರಿಗೆ, ಎಲ್ಲರಿಗೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ನನಗೆ ನೋವಾದದ್ದು ದತ್ತು ಅನ್ನೋದಕ್ಕಲ್ಲ. ನನ್ನ ವಿಷಯ ಊರಿನವರ ಹತ್ತಿರ ಇದ್ದು ನನ್ನ ಹತ್ತಿರ ಇರಲಿಲ್ಲ ಅನ್ನೋದಕ್ಕೆ.

ನನ್ನ ಅಪ್ಪ ಅಮ್ಮ ನನ್ನನ್ನ ಪ್ರೀತಿಯಿಂದಲೇ ಸಾಕಿದರು. ಅವರ ಮೇಲೆ ಸಿಟ್ಟಿಲ್ಲ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು.

ಅಕ್ಕಾ, ನಿಮ್ಮ ಮಗಳಿಗೆ ನೆನಪಿದೆ. ನೆನಪಿರುವ ಮಗುವಿಗೆ ಮರೆತುಬಿಡು ಅಂದರೆ ಅದು ಮರೆಯೋದಿಲ್ಲ, ನಿಮ್ಮ ಹತ್ತಿರ ಹೇಳೋದನ್ನ ಬಿಡುತ್ತದೆ. ಆಲ್ಬಂ ಇಳಿಸಿ. ಅವಳು ಕೇಳಿದಾಗಲೆಲ್ಲ ಕೊಡಿ. ನೋಡಿ ಮಂಕಾದರೆ ಮಂಕಾಗಲಿ, ಪಕ್ಕದಲ್ಲಿ ನೀವು ಕೂತಿರಿ. ಅತ್ತೆಯವರನ್ನೂ ಕೂರಿಸಿಕೊಳ್ಳಿ.

ಇನ್ನೊಂದು ಮಾತು ಕೈ ಮುಗಿದು ಹೇಳುತ್ತೇನೆ. 'ಪುಣ್ಯದ ಕೆಲಸ' ಅನ್ನುವವರನ್ನ ಅಲ್ಲೇ ತಡೆಯಿರಿ, ಮಗಳಿಗೆ ಕೇಳುವಂತೆ. 'ನಮಗೆ ಮಗಳು ಬೇಕಿತ್ತು, ಬಂದಳು' ಅಂತ ಹೇಳಿ, ಸಾಕು. ಆ ಪುಣ್ಯದ ಮಾತು ಕೇಳಿಕೊಂಡೇ ನಾನು ದೊಡ್ಡವಳಾದೆ. ಮಾರ್ಕ್ಸ್ ಕಡಿಮೆ ಬಂದರೆ, ಎದುರು ಮಾತಾಡಿದರೆ, ಇವರಿಗೆ ನಾನು ಸಾಲಗಾರಳು ಅನಿಸುತ್ತಿತ್ತು. ಹೆತ್ತ ಮಕ್ಕಳಿಗೆ ಯಾರೂ ಹಾಗೆ ಹೇಳೋದಿಲ್ಲವಲ್ಲ.

ಮುಂದೆ ಅವಳಿಗೆ ತನ್ನ ಮೂಲ ತಿಳಿಯಬೇಕು ಅನಿಸಿದರೆ ನಿಯಮದಲ್ಲಿ ದಾರಿ ಇದೆ. 18 ತುಂಬಿದ ಮೇಲೆ ತಾನೇ ಅರ್ಜಿ ಹಾಕಬಹುದು, ಅದಕ್ಕೆ ಮೊದಲಾದರೆ ಅಪ್ಪ ಅಮ್ಮನ ಜೊತೆ ಸೇರಿ. ಹೆತ್ತವರ ಗುಟ್ಟು ಕಾಯ್ದುಕೊಂಡು, ಕೊಡಬಹುದಾದಷ್ಟನ್ನ ಕೊಡುತ್ತಾರೆ. ನಾನು ಕೇಳಿದೆ. ಸಿಕ್ಕಿದ್ದು ಜಾಸ್ತಿ ಏನಿಲ್ಲ, ಒಂದು ಹಾಳೆ. ನಾನು ಸಿಕ್ಕ ಹೊತ್ತು, ಮೈಮೇಲಿದ್ದ ಬಟ್ಟೆ, ತೂಕ. ಆ ಹಾಳೆ ನನಗೆ ಬೇಕಿತ್ತು. ಆಲ್ಬಂ ಇಳಿಸಿ ಅಂತ ಇಷ್ಟು ಒತ್ತಿ ಹೇಳೋದು ಅದಕ್ಕೇ.

---

ಕುಮಟೆಯ ಅಕ್ಕೋರು

ತಂಗೀ, ನಾನು ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದು ನಿವೃತ್ತಿಯಾದವಳು. ಫೈಲ್ ಹಿಡಿದುಕೊಂಡು ಇಂಥ ಮನೆಗಳಿಗೆ ಹೋಗುತ್ತಿದ್ದವಳು ನಾನೇ. ಸ್ವಲ್ಪ ಉದ್ದ ಬರೆಯುತ್ತೇನೆ.

ನಿನ್ನ ಮಗಳ ಬದುಕನ್ನ ಅವಳ ಕಡೆಯಿಂದ ನೋಡು. ಅವಳನ್ನ ಒಬ್ಬರು ಕರೆದುಕೊಂಡು ಹೋಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದರು. ಆಮೇಲೆ ಇನ್ನೊಬ್ಬರು ಸಂಸ್ಥೆಗೆ ಬಿಟ್ಟರು. ಆಮೇಲೆ ಮತ್ತೆ ಕಾಗದ, ಸಹಿ, ನಿಮ್ಮ ಮನೆ. ಪ್ರತಿ ಸಲವೂ ನಗುತ್ತಾ ಮಾತಾಡುವ ಒಬ್ಬರು, ಕೈಯಲ್ಲಿ ಫೈಲ್, ಹೊರಗೆ ಒಂದು ಗಾಡಿ. ಪ್ರತಿ ಸಲವೂ ಅವಳ ಜಾಗ ಬದಲಾಯಿತು. ಚೀಲ ತುಂಬೋದು ಹಠ ಅಲ್ಲ. ಅವಳಿಗೆ ಗೊತ್ತಿರೋದರ ಪ್ರಕಾರ ಅದೇ ಸರಿಯಾದ ತಯಾರಿ. ಹಾಗಾಗಿ ಚೀಲ ಕಿತ್ತುಕೊಳ್ಳಬೇಡ, ಬಯ್ಯಬೇಡ. 'ಇಟ್ಟುಕೋ, ಅವರು ಹೋದ ಮೇಲೆ ಇಬ್ಬರೂ ಸೇರಿ ವಾಪಸ್ ಜೋಡಿಸೋಣ' ಅನ್ನು.

ಮೊದಲೇ ಹೇಳಲೇಬೇಕು. ಅಚಾನಕ್ಕಾಗಿ ಬಂದರೆ ಭಯ ಇನ್ನೂ ಜಾಸ್ತಿ. ಆದರೆ 'ಆಫೀಸಿನವರು ಬರ್ತಾರೆ' ಅಂತ ಅಷ್ಟೇ ಹೇಳಿ ನಿಲ್ಲಿಸಬೇಡ. ಯಾರು ಬರ್ತಾರೆ, ಏನು ಕೇಳ್ತಾರೆ, ಎಷ್ಟು ಹೊತ್ತು ಇರ್ತಾರೆ, ಆಮೇಲೆ ಬಂದ ಗಾಡಿಯಲ್ಲೇ ವಾಪಸ್ ಹೋಗ್ತಾರೆ, ನೀನು ಇಲ್ಲೇ ಇರ್ತೀಯ. ಕೊನೆಯ ಎರಡು ಮಾತು ಬಿಡಬೇಡ. ಬಂದವರಿಗೆ ಅವಳ ಕೈಯಿಂದಲೇ ಕಷಾಯ ಕೊಡಿಸು. ಹೋಗುವಾಗ ದಣಪೆಯ (ಬೇಲಿ ಬಾಗಿಲಿನ) ತನಕ ಹೋಗಿ ಕಳಿಸಿ, ಅವಳೇ ದಣಪೆ ಹಾಕಿ ಬರಲಿ. ಹೋಗುವವರು ಅವರು, ಕಳಿಸುವವಳು ತಾನು ಅಂತ ಅವಳ ಮೈಗೆ ಗೊತ್ತಾಗಬೇಕು.

ಬರುವವರಿಗೂ ಮುಂಚೆಯೇ ಫೋನ್ ಮಾಡು. ಚೀಲದ ವಿಷಯ ಹೇಳು. ಫೈಲ್ ಅವಳ ಎದುರು ಬಿಚ್ಚೋದು ಬೇಡ, 'ಇಲ್ಲಿ ಇಷ್ಟ ಆಯ್ತಾ?' ಅಂತ ಕೇಳೋದು ಬೇಡ ಅಂತ ಕೇಳಿಕೋ. ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಕರೆದುಕೊಂಡು ಹೋಗ್ತಾರೆ ಅಂತ ಮಗು ನಂಬಿರುತ್ತದೆ. ಕಚ್ಚೋದು, ಹಾಸಿಗೆ ಒದ್ದೆ ಮಾಡೋದು ಮುಚ್ಚಿಡಬೇಡ. ತುಂಬ ಜನ ತಾಯಂದಿರು ವರದಿಯಲ್ಲಿ ಕೆಟ್ಟದ್ದು ಬರುತ್ತದೆ ಅಂತ ಮುಚ್ಚಿಡುತ್ತಾರೆ. ಹೊಂದಾಣಿಕೆ ಕಷ್ಟ ಇದ್ದರೆ ಆಪ್ತ ಸಮಾಲೋಚನೆಗೆ ವ್ಯವಸ್ಥೆ ಮಾಡೋದು ಆ ಭೇಟಿಯ ಒಂದು ಕೆಲಸವೇ.

ಈಗ ಅವಳಿಗೆ ಹೇಳಬೇಕಾದ ದೊಡ್ಡ ಮಾತು. ಐದು ವರ್ಷ ತುಂಬಿದ ಮಗುವನ್ನ ದತ್ತು ಕೊಡುವಾಗ ಮಗುವಿನ ಒಪ್ಪಿಗೆಯೂ ಬೇಕು. ಅವಳನ್ನೂ ಕೇಳಿರುತ್ತಾರೆ, ಅವಳು ಹೂಂ ಅಂದಿರುತ್ತಾಳೆ. ಅದನ್ನ ಅವಳಿಗೆ ನೆನಪು ಮಾಡು. 'ನಾವು ನಿನ್ನ ಬೇಕು ಅಂದ್ವಿ, ನೀನೂ ನಮ್ಮನ್ನ ಬೇಕು ಅಂದೆ.' ಎಲ್ಲರೂ ಅವಳನ್ನ ಎತ್ತಿಟ್ಟ ಕಡೆ ಇದ್ದವಳು ಅಂತ ನೋಡುತ್ತಾರೆ. ಅವಳದೂ ಒಂದು ಮಾತು ನಡೆದಿತ್ತು ಅಂತ ತಿಳಿದರೆ ನೆಟ್ಟಗೆ ನಿಲ್ಲುತ್ತಾಳೆ.

ದತ್ತು ಆದೇಶದ ಪ್ರತಿ ನಿಮ್ಮ ಹತ್ತಿರ ಇರುತ್ತದೆ. ಮೊದಲು ಕೋರ್ಟಿನಿಂದ ಆಗುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಅದನ್ನೂ ಜನನ ಪ್ರಮಾಣಪತ್ರವನ್ನೂ ತೆಗೆದು ಅವಳ ಮುಂದೆ ಇಡು. ಎರಡನೇ ಕ್ಲಾಸಿನವಳು ಹೆಸರು ಓದುತ್ತಾಳೆ. ಅಪ್ಪನ ಹೆಸರು, ಆಯಿಯ ಹೆಸರು ಬೆರಳಿಟ್ಟು ಓದಲಿ. ಇನ್ನು ಎಷ್ಟು ಭೇಟಿ ಉಳಿದಿದೆ, ಎರಡು ವರ್ಷ ಆದ ಮೇಲೆ ಇವರು ಬರೋದು ನಿಲ್ಲುತ್ತದೆ ಅಂತಲೂ ಹೇಳು. ಹೊನ್ನಾವರದವರ ಕ್ಯಾಲೆಂಡರ್ ಉಪಾಯ ನನಗೆ ಬಹಳ ಹಿಡಿಸಿತು, ಅದನ್ನೂ ಸೇರಿಸಿಕೋ.

ಒಂದು ಮಾತು ಮನೆಯವರೆಲ್ಲರಿಗೆ, ನೆಂಟರಿಗೆ ಕಟ್ಟುನಿಟ್ಟಾಗಿ ಹೇಳಿಡು. 'ಹಠ ಮಾಡಿದರೆ ಅಲ್ಲೇ ಬಿಟ್ಟು ಬರ್ತೇವೆ' ಅಂತ ತಮಾಷೆಗೂ ಯಾರೂ ಅನ್ನಬಾರದು. ಬೇರೆ ಮಕ್ಕಳಿಗೆ ಅದು ಹೆದರಿಸೋ ಮಾತು. ಇವಳಿಗೆ ಅದು ನಿಜವಾಗಿ ಆಗಿರುವ ಸಂಗತಿ.

ಕಚ್ಚೋದು, ಒದ್ದೆ ಮಾಡೋದು ಕಡಿಮೆಯಾಗದೇ ಹೋದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸು. ಮನಸ್ಸಿನ ವಿಷಯಕ್ಕೆ ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನಿನಗೇ ಸಾಕಾಗಿ ಹೋದ ದಿನವೂ ಆ ನಂಬರಿಗೆ ಮಾಡಬಹುದು.

---

ಗಂಗಾವಳಿ, ಅಂಕೋಲಾ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಕ್ಕೋರೇ, ನಾವೂ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುತ್ತಿದ್ದೇವೆ. ಈಗ ಪರಿಚಯದವರೊಬ್ಬರು, ಮದುವೆಯಾಗದ ಹುಡುಗಿಯೊಬ್ಬಳಿಗೆ ಹೆರಿಗೆ ಇದೆ, ಮಗುವನ್ನ ನೇರ ನಿಮ್ಮ ಕೈಗೆ ಕೊಡಿಸುತ್ತೇನೆ, ಸ್ವಲ್ಪ ಖರ್ಚು ನೋಡಿಕೊಳ್ಳಿ, ಕಾಗದ ಆಮೇಲೆ ಅನ್ನುತ್ತಿದ್ದಾರೆ. ಮನಸ್ಸು ಜಗ್ಗುತ್ತಿದೆ.

---

ಕುಮಟೆಯ ಅಕ್ಕೋರು

ಬೇಡ ತಮ್ಮಾ. ಖಂಡಿತ ಬೇಡ. ನಿಯಮ ಬಿಟ್ಟು ಹೀಗೆ ಮಗು ತೆಗೆದುಕೊಂಡರೆ ಬಾಲನ್ಯಾಯ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲು, ಒಂದು ಲಕ್ಷ ದಂಡ, ಅಥವಾ ಎರಡೂ ಆಗಬಹುದು. ದುಡ್ಡು ಕೈ ಬದಲಾದರೆ ಅದು ಮಗು ಮಾರಾಟ, ಐದು ವರ್ಷದ ತನಕ ಜೈಲು. ಅದಕ್ಕಿಂತ ದೊಡ್ಡದು, ನೀವು ಎದೆಗೆ ಹಚ್ಚಿಕೊಂಡ ಮೇಲೆ ಮಗುವನ್ನ ನಿಮ್ಮಿಂದ ತೆಗೆದುಕೊಂಡು ಹೋಗುತ್ತಾರೆ.

ಆ ಹುಡುಗಿಯ ಕಡೆಯೂ ನೋಡಬೇಕಲ್ಲ. ಅವಳು ಮಗುವನ್ನ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಹೆಸರು ಹೊರಗೆ ಬರೋದಿಲ್ಲ. ಮನಸ್ಸು ಬದಲಾದರೆ 60 ದಿನದೊಳಗೆ ವಾಪಸ್ ಪಡೆಯಬಹುದು. ಮಧ್ಯದವರು ಕೊಡಿಸುವ ಮಗುವಿನ ತಾಯಿಗೆ ಆ ಅವಕಾಶವೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ತಿಳಿಸಿ. ಆ ಮಧ್ಯದವರ ಜೊತೆ ಮತ್ತೆ ಮಾತಾಡಬೇಡಿ.

---

ತೋಟದಮನೆ ಆಯಿ, ಶಿರಸಿ

ಎಲ್ಲರ ಮಾತನ್ನೂ ಅತ್ತೆಗೆ ಓದಿ ಹೇಳಿದೆ. ಕಾರವಾರದ ತಂಗಿ ಬರೆದದ್ದು ಕೇಳಿ ಅತ್ತೆ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಯಜಮಾನರನ್ನ ಅಟ್ಟಕ್ಕೆ ಹತ್ತಿಸಿದರು.

ಆಲ್ಬಂ ಕೊಟ್ಟಾಗ ಮಗಳು ಮಂಕಾಗಲಿಲ್ಲ. ಒಂದೊಂದೇ ಫೋಟೋ ತೋರಿಸಿ ಅತ್ತೆಗೆ ವಿವರಿಸಿದಳು, ಇಲ್ಲಿ ಊಟ ಮಾಡೋದು, ಈ ಆಯಾ ತಲೆ ಬಾಚೋದು, ಈ ಜೋಕಾಲಿಯಿಂದ ಬಿದ್ದದ್ದು ಅಂತ. ಮೊಣಕಾಲಿನ ಆ ಕಲೆ ಎಲ್ಲಿಂದ ಬಂತು ಅಂತ ನಮಗೆ ಈಗ ಗೊತ್ತಾಯಿತು. ಗೆಳತಿಯ ಫೋಟೋ ಬಂದಾಗ ಅತ್ತೆಯ ತೊಡೆ ಮೇಲೆ ಮಲಗಿ ಅತ್ತಳು. ಅತ್ತೆಯೂ ಅತ್ತರು.

ಕ್ಯಾಲೆಂಡರ್‌ನಲ್ಲಿ ಭೇಟಿಯ ಮರುದಿನಕ್ಕೆ 'ಸಹಸ್ರಲಿಂಗ' ಅಂತ ಅವಳೇ ಬರೆದಿದ್ದಾಳೆ. ಡಬ್ಬಿಯೂ ಇಟ್ಟಾಗಿದೆ. ಬರುವವರಿಗೆ ಫೋನ್ ಮಾಡಿದೆ, ತಾಳ್ಮೆಯಿಂದ ಕೇಳಿಕೊಂಡರು, ಭಾನುವಾರ ಬರುತ್ತೇವೆ ಅಂದರು.

ಅಕ್ಕೋರೇ, ಒಂದು ಕೇಳಬೇಕಿತ್ತು. ಮಗಳಿಗೆ ಆ ಗೆಳತಿಗೆ ಕಾಗದ ಬರೆಯಬೇಕಂತೆ. ಬರೆಸಬಹುದಾ?

---

ಕುಮಟೆಯ ಅಕ್ಕೋರು

ಬರೆಸು ತಂಗೀ. ಚಿತ್ರವೂ ಬಿಡಿಸಲಿ. ಗೆಳತಿಯ ವಿಳಾಸ ಮಾತ್ರ ಕೇಳಬೇಡ. ಅವಳಿಗೂ ಮನೆ ಸಿಕ್ಕಿದ್ದರೆ ಅದನ್ನ ಸಂಸ್ಥೆಯವರು ಹೇಳುವಂತಿಲ್ಲ. ಸಂಸ್ಥೆಯ ವಿಳಾಸಕ್ಕೇ ಕಳಿಸು, ತಲುಪಿಸೋಕೆ ಆಗುತ್ತದಾ ಅಂತ ಒಂದು ಸಾಲು ನೀನೂ ಬರೆ. ಉತ್ತರ ಬರುತ್ತದೆ ಅಂತ ಮಗಳಿಗೆ ಮಾತು ಕೊಡಬೇಡ, ಕಳಿಸಿದ್ದೇವೆ ಅಂತ ಅಷ್ಟೇ ಹೇಳು. ಕಾಗದದ ಒಂದು ಫೋಟೋ ತೆಗೆದು ಆ ಆಲ್ಬಂನಲ್ಲೇ ಇಡು.